ತಪ್ಪಿತಸ್ಥ ಕಾಯುತ್ತಾನೆ, ನಿರಪರಾಧಿ ಕಟ್ಟುತ್ತಾನೆ

ಗೆದ್ದವನು ಸೋತ, ಸೋತವನು ಸತ್ತ. ಕೋರ್ಟು ಕಚೇರಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಹೇಳುತ್ತಿದ್ದ ಗಾದೆ ಇದು. ಒಂದು ತುಂಡು ಹೊಲದ ವ್ಯಾಜ್ಯಕ್ಕೆ ಎರಡು ತಲೆಮಾರು ಸವೆದದ್ದನ್ನು ಕಂಡವರ ಮಾತು, ಅದರಲ್ಲಿ ಸುಳ್ಳಿಲ್ಲ. ಆದರೆ ಈಗ ಮೊಬೈಲಿಗೆ ಬಂದು ಬೀಳುವ ಐನೂರು ರೂಪಾಯಿಯ ಟ್ರಾಫಿಕ್ ಕೇಸಿಗೂ ಅದೇ ಗಾದೆಯನ್ನು ಹಚ್ಚುವುದು ರೂಢಿಯಾಗಿದೆ. "ಆ ದಿನ ನಾನು ಆ ರಸ್ತೆ ಕಡೆಗೇ ಹೋಗಿಲ್ಲ" ಎಂದು ಯಾರಾದರೂ ಹೇಳಿದರೆ ಸುತ್ತಲಿನವರು ಕೊಡುವ ಬುದ್ಧಿಮಾತು ಒಂದೇ: "ಐನೂರಕ್ಕೆ ಯಾಕೆ ತಲೆ ಕೆಡಿಸ್ಕೋತೀಯ? ಕಟ್ಟಿ ಬಿಸಾಕು." ಅವರಲ್ಲೇ ಇನ್ನೊಬ್ಬರು ತುಸು ಜಾಣರು. "ಈಗಲೇ ಕಟ್ಟಬೇಡ, ಇರು. ಸರ್ಕಾರ ಅರ್ಧ ಬಿಡುತ್ತೆ, ಆಗ ಕಟ್ಟು."

ಈ ಎರಡು ಸಲಹೆಗಳೂ ವ್ಯವಹಾರಜ್ಞಾನದಂತೆ ಕಾಣುತ್ತವೆ. ಎರಡೂ ತಪ್ಪು ಎಂಬುದು ನನ್ನ ವಾದ. ನಿಜವಾಗಿ ಸಿಗ್ನಲ್ ಹಾರಿದವನು ರಿಯಾಯಿತಿಯ ದಿನಕ್ಕಾಗಿ ಕಾಯುತ್ತಾನೆ; ಏನೂ ಮಾಡದವನು ರಗಳೆ ಬೇಡವೆಂದು ಅಂದೇ ಕಟ್ಟಿಬಿಡುತ್ತಾನೆ. ಆಗಬೇಕಾದದ್ದು ಇದಕ್ಕೆ ನೇರ ವಿರುದ್ಧ. ತಪ್ಪು ಮಾಡಿದವನು ಪೂರ್ತಿ ಮೊತ್ತವನ್ನು ತಕ್ಷಣ ಕಟ್ಟಬೇಕು. ಮಾಡದವನು ಒಂದು ರೂಪಾಯಿಯನ್ನೂ ಕಟ್ಟಬಾರದು.

"ಕಟ್ಟಿ ಬಿಸಾಕು" ಎನ್ನುವವರ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ದಂಡ ಕಟ್ಟಿದರೆ ವಿಷಯ ಮುಗಿಯಿತು ಎಂದು ಅವರು ನಂಬಿದ್ದಾರೆ. ಮೋಟಾರು ವಾಹನ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ಥಳದಲ್ಲಿ, ಠಾಣೆಯಲ್ಲಿ ಅಥವಾ ಫೋನಿನಲ್ಲಿ ನಾವು ಕಟ್ಟುವ ದಂಡ ಆ ಕಾಯ್ದೆಯ 200ನೇ ಕಲಮಿನ ಅಡಿಯಲ್ಲಿ ಮಾಡಿಕೊಳ್ಳುವ ರಾಜಿ. ಇಷ್ಟು ಹಣ ಕೊಡುತ್ತೇನೆ, ಕೋರ್ಟಿಗೆ ಎಳೆಯಬೇಡಿ ಎಂಬ ಒಪ್ಪಂದ. 2019ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಾಗ ಈ ಕಲಮಿಗೆ ಒಂದು ಷರತ್ತನ್ನು ಸೇರಿಸಿದರು. ದಂಡದ ಮೊತ್ತಗಳು ಏರಿದ್ದೇ ದೊಡ್ಡ ಸುದ್ದಿಯಾಗಿದ್ದ ಆ ಸೆಪ್ಟೆಂಬರಿನಲ್ಲಿ ಇದನ್ನು ಗಮನಿಸಿದವರು ಕಡಿಮೆ. ಷರತ್ತು ಹೇಳುವುದಿಷ್ಟು: ರಾಜಿಯಲ್ಲಿ ಮುಗಿದರೂ, ಮುಂದೆ ಅದೇ ತಪ್ಪು ಎರಡನೆಯ ಸಲ ನಡೆಯಿತೇ ಎಂದು ತೀರ್ಮಾನಿಸುವಾಗ ಇದನ್ನು ಹಿಂದಿನ ಅಪರಾಧವೆಂದೇ ಎಣಿಸಬೇಕು. ಇನ್ನೊಂದು ಮಾತೂ ಅಲ್ಲೇ ಇದೆ. ದಂಡ ಕಟ್ಟಿದ ಮಾತ್ರಕ್ಕೆ ಚಾಲನಾ ಪರವಾನಗಿಯನ್ನು ಅಮಾನತು ಮಾಡುವ ಪ್ರಕ್ರಿಯೆಯಿಂದ ಬಿಡುಗಡೆ ಸಿಗುವುದಿಲ್ಲ.

ಹಾಗಾಗಿ ಮಾಡದ ತಪ್ಪಿಗೆ ಐನೂರು ಕಟ್ಟಿದವನು ಕೊಟ್ಟದ್ದು ಐನೂರು ರೂಪಾಯಿ ಮಾತ್ರವಲ್ಲ, "ಮೊದಲ ಸಲ ಮಾಡಿದ್ದೇನೆ" ಎಂಬ ದಾಖಲೆಯನ್ನೂ ಕೊಟ್ಟಿದ್ದಾನೆ. ಇದರ ತೂಕ ಎಷ್ಟೆಂದು ತಿಳಿಯಲು 184ನೇ ಕಲಮನ್ನು ನೋಡಿ. ಅಪಾಯಕಾರಿ ಚಾಲನೆಯ ಕಲಮು ಅದು. ಕೆಂಪು ದೀಪ ದಾಟುವುದು, ಓಡಿಸುತ್ತಾ ಕೈಯಲ್ಲಿ ಮೊಬೈಲ್ ಹಿಡಿಯುವುದು, ಒನ್‌ವೇಯಲ್ಲಿ ಎದುರು ಬರುವುದು ಇವೆಲ್ಲವನ್ನೂ 2019ರಲ್ಲಿ ಅದರ ವಿವರಣೆಯೊಳಗೆ ತಂದರು. ಮೊದಲ ಸಲಕ್ಕೆ ₹1,000ದಿಂದ ₹5,000ದವರೆಗೆ ದಂಡ ಅಥವಾ ಜೈಲು. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ₹10,000 ದಂಡ, ಇಲ್ಲವೇ ಎರಡು ವರ್ಷದವರೆಗೆ ಜೈಲು. ಪೊಲೀಸರು ಸಾಮಾನ್ಯವಾಗಿ ಇದಕ್ಕಿಂತ ಸಣ್ಣ ಕಲಮು ಹಾಕಿ ಸಣ್ಣ ಮೊತ್ತ ವಸೂಲಿ ಮಾಡುತ್ತಾರೆ ಎಂಬುದು ನಿಜ. ಅದಕ್ಕೇ ಚಲನ್ ಬಂದಾಗ ಮೊತ್ತ ನೋಡುವ ಮೊದಲು ಕಲಮು ನೋಡಬೇಕು. ಹೆಲ್ಮೆಟ್ಟಿನ ಕಲಮು 194ಡಿ. ಕಾಯ್ದೆಯಲ್ಲಿ ₹1,000 ದಂಡದ ಜೊತೆ ಮೂರು ತಿಂಗಳು ಪರವಾನಗಿ ಅನರ್ಹತೆಯೂ ಇದೆ. ಕರ್ನಾಟಕ ಸರ್ಕಾರ 2019ರ ಸೆಪ್ಟೆಂಬರಿನಲ್ಲೇ ರಾಜಿಯ ಮೊತ್ತವನ್ನು ₹500ಕ್ಕೆ ಇಳಿಸಿತು. ಅನರ್ಹತೆಯ ಸಾಲು ಮಾತ್ರ ಕಾಯ್ದೆಯಲ್ಲಿ ಹಾಗೇ ಇದೆ. ಸಿಗ್ನಲ್ ಹಾರುವವರ, ವೇಗದಲ್ಲಿ ಓಡಿಸುವವರ, ಮೊಬೈಲ್ ಹಿಡಿದು ಓಡಿಸುವವರ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಿ ಎಂದು ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತ್ತು.

ಬ್ರಿಟನ್ನಿನಲ್ಲಿ ಈ ಲೆಕ್ಕ ಎಲ್ಲರಿಗೂ ಕಾಣುವಂತಿದೆ. ಮಕ್ಕಳು ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಇದು ಗೊತ್ತಿರುವ ವಿಷಯ. ವೇಗಮಿತಿ ಸ್ವಲ್ಪ ಮೀರಿದರೆ 100 ಪೌಂಡ್ ದಂಡ, ಪರವಾನಗಿಯ ಮೇಲೆ 3 ಅಂಕ. ಮೂರು ವರ್ಷದೊಳಗೆ 12 ಅಂಕ ಕೂಡಿದರೆ ಸಾಮಾನ್ಯವಾಗಿ ಆರು ತಿಂಗಳು ಗಾಡಿ ಮುಟ್ಟುವಂತಿಲ್ಲ. ಹೊಸದಾಗಿ ಪರವಾನಗಿ ಪಡೆದವನಿಗೆ ಮೊದಲ ಎರಡು ವರ್ಷದಲ್ಲಿ 6 ಅಂಕ ಸಾಕು, ಪರವಾನಗಿಯೇ ರದ್ದು. ವಿಮೆಯ ಕಂತೂ ಏರುತ್ತದೆ. ಅಲ್ಲಿನವನು ಸಣ್ಣ ದಂಡವನ್ನು ಒಪ್ಪಬೇಕೋ ಪ್ರಶ್ನಿಸಬೇಕೋ ಎಂದು ಕೂತು ಯೋಚಿಸುತ್ತಾನೆ, ಏಕೆಂದರೆ ಕಟ್ಟುವುದರ ಬೆಲೆ ಅವನ ಕಣ್ಣೆದುರಿಗೇ ಇದೆ. ನಮ್ಮಲ್ಲಿ ಅಂಕ ಎಂದು ಯಾರೂ ಕರೆಯಲಿಲ್ಲ. ಎಣಿಕೆ ಮಾತ್ರ ಕಾಯ್ದೆಯೊಳಗೆ ಕೂತಿದೆ. 2021ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು, ಸಂಚಾರ ಉಲ್ಲಂಘನೆಗಳಿಗೆ ಅಂಕ ಕೊಟ್ಟು ಅದರ ಮೇಲೆ ಪ್ರೀಮಿಯಂ ಹೆಚ್ಚಿಸಬೇಕೆಂಬ ಸಲಹೆಯನ್ನೂ ಮುಂದಿಟ್ಟಿತು. ಇಂದು ರಗಳೆ ಬೇಡವೆಂದು ಒಪ್ಪಿಕೊಂಡ ಸುಳ್ಳು ಕೇಸು ನಾಳೆ ಯಾವ ಪಟ್ಟಿಯಲ್ಲಿ ಏರಿ ಕೂರುತ್ತದೆ ಎಂದು ಯಾರೂ ಭರವಸೆ ಕೊಡಲಾರರು.

ಕ್ಯಾಮೆರಾ ಸುಳ್ಳು ಹೇಳುತ್ತದೆಯೇ ಎಂದು ಕೇಳುವವರಿದ್ದಾರೆ. ಪೊಲೀಸಪ್ಪ ಕೈ ಚಾಚಬಹುದು, ಯಂತ್ರ ಚಾಚುವುದಿಲ್ಲ ಎಂಬುದು ಅವರ ಮಾತು. ಲಂಚದ ಮಟ್ಟಿಗೆ ಅದು ನಿಜ, ಮತ್ತು ಅಷ್ಟರ ಮಟ್ಟಿಗೆ ಯಂತ್ರ ಬಂದದ್ದು ಒಳ್ಳೆಯದೇ ಆಯಿತು. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್ನುಗಳಲ್ಲಿ ಈ ಹೊಸ ವ್ಯವಸ್ಥೆ ಶುರುವಾಯಿತು. ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟಿದ್ದನ್ನು ಹಿಡಿಯುವ 80 ಕ್ಯಾಮೆರಾ. ಆಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಗೂ ಬಂತು. ಆದರೆ ಯಂತ್ರ ಓದುವುದು ತಗಡಿನ ಮೇಲಿನ ಅಕ್ಷರವನ್ನು. ಕೆಸರು ಮೆತ್ತಿದ 3 ಅದಕ್ಕೆ 8 ಆಗಬಹುದು. ಕಪ್ಪು ಅಂಗಿಯ ಮೇಲಿನ ಕಪ್ಪು ಸೀಟ್‌ಬೆಲ್ಟ್ ಕಾಣದೆ ಹೋಗಬಹುದು. ಕಳ್ಳನೊಬ್ಬ ನಿಮ್ಮ ನಂಬರನ್ನೇ ತನ್ನ ಗಾಡಿಗೆ ಬರೆಸಿಕೊಂಡಿದ್ದರೆ, ಅವನು ಊರೆಲ್ಲ ಅಲೆದಾಡಿದ ದಂಡ ನಿಮ್ಮ ಮನೆಗೆ ಬರುತ್ತದೆ. ಫೋಟೊದಲ್ಲಿರುವುದು ಸ್ಕೂಟರು, ನಿಮ್ಮಲ್ಲಿರುವುದು ಬೈಕು ಎಂದು ನೋಡಿದೊಡನೆ ಗೊತ್ತಾಗುತ್ತದೆ. ಆದರೆ ಎಷ್ಟೋ ಜನ ಆ ಫೋಟೊವನ್ನು ತೆಗೆದೇ ನೋಡುವುದಿಲ್ಲ. ಮೊತ್ತ ನೋಡುತ್ತಾರೆ, ಯುಪಿಐ ತೆರೆಯುತ್ತಾರೆ.

ಸಂದರ್ಭ ಯಂತ್ರಕ್ಕೆ ಕಾಣುವುದಿಲ್ಲ ಎಂಬುದು ಇದಕ್ಕಿಂತ ಗಂಭೀರ ವಿಷಯ. ಹಿಂದಿನಿಂದ ಆಂಬುಲೆನ್ಸ್ ಕೂಗುತ್ತಿದೆ. ಮುಂದೆ ಕೆಂಪು ದೀಪ. ಕಾರನ್ನು ನಾಲ್ಕು ಅಡಿ ಮುಂದೆ ಒತ್ತಿ ದಾರಿ ಬಿಟ್ಟಿರಿ. ಸ್ಟಾಪ್‌ಲೈನ್ ದಾಟಿತು, ಕ್ಯಾಮೆರಾ ಕ್ಲಿಕ್ಕಿಸಿತು. ಇದೇ ಕಾಯ್ದೆಯ 194ಇ ಕಲಮಿನ ಪ್ರಕಾರ ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ₹10,000 ದಂಡ ಅಥವಾ ಆರು ತಿಂಗಳವರೆಗೆ ಜೈಲು. ಅಂದರೆ ಕಾನೂನು ಮಾಡು ಎಂದದ್ದನ್ನು ಮಾಡಿದವನ ಮೇಲೆ ಕಾನೂನೇ ಕೇಸು ಹಾಕಿದಂತಾಯಿತು. ದಟ್ಟಣೆಯ ಹೊತ್ತಿನಲ್ಲಿ ನಮ್ಮ ಜಂಕ್ಷನ್ನುಗಳಲ್ಲಿ ದೀಪ ಕೆಂಪಾಗಿದ್ದರೂ ಕಾನ್‌ಸ್ಟೆಬಲ್ ಕೈ ಬೀಸಿ "ಬನ್ನಿ, ಬನ್ನಿ" ಎಂದು ಸಾಲನ್ನು ಬಿಡಿಸುತ್ತಾರೆ. ಅವರ ಸೂಚನೆ ಪಾಲಿಸುವುದೂ ಕಾಯ್ದೆಯ ಪ್ರಕಾರ ನಮ್ಮ ಕರ್ತವ್ಯವೇ. ಫೋಟೊದ ಚೌಕಟ್ಟಿನಲ್ಲಿ ಆ ಕೈ ಇರುವುದಿಲ್ಲ. ಇಂಥ ಕೇಸಿನಲ್ಲಿ ದಂಡ ಕಟ್ಟಿದರೆ, ಆಂಬುಲೆನ್ಸಿಗೆ ದಾರಿ ಬಿಡುವುದು ನಷ್ಟದ ವ್ಯವಹಾರ ಎಂದು ಊರಿಗೆಲ್ಲ ಕಲಿಸಿದಂತೆ. ಇನ್ನೊಂದು ಸಲ ಆ ಚಾಲಕ ಗೆರೆಯ ಹಿಂದೆ ಅಲ್ಲಾಡದೆ ನಿಲ್ಲುತ್ತಾನೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಆತಂಕ ತರುವುದು ಇದು.

ಕಾನೂನು ಇದನ್ನು ಊಹಿಸದೆ ಇಲ್ಲ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ನಿಯಮವನ್ನು ಸೇರಿಸಿದರು. ಕ್ಯಾಮೆರಾಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಇಲ್ಲಿ ಕ್ಯಾಮೆರಾ ನಿಗಾ ಇದೆ ಎಂಬ ಫಲಕ ಮೊದಲೇ ಕಾಣಬೇಕು. ಉಲ್ಲಂಘನೆ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಆ ಚಲನ್ನಿನಲ್ಲಿ ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಕಾಣುವ ಫೋಟೊ, ಯಂತ್ರ ಅಳೆದ ಅಳತೆ, ದಿನಾಂಕ, ಹೊತ್ತು, ಸ್ಥಳ, ಕಲಮು, ಇದರ ಜೊತೆಗೆ ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರ ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರ ಇರಬೇಕು. 65ಬಿ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2024ರ ಜುಲೈನಿಂದ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದು, ಆ ಕಲಮಿನ ನಂಬರು 63 ಆಗಿದೆ. ಇಷ್ಟೆಲ್ಲ ಬರೆದವರು ನಾಗರಿಕ ಪ್ರಶ್ನಿಸುತ್ತಾನೆ ಎಂದು ಎಣಿಸಿಯೇ ಬರೆದರು. ಪ್ರಶ್ನಿಸುವವರಿಲ್ಲದೆ ಹೋದರೆ ಪ್ರಮಾಣಪತ್ರ ನವೀಕರಿಸಲು, ಫಲಕ ನೆಡಲು ಯಾರಿಗೂ ಅವಸರವಿರುವುದಿಲ್ಲ.

ಗಾಡಿ ಮಾರಿದವರ ಪಾಡು ಇನ್ನೊಂದು. ಹಳೇ ಸ್ಕೂಟರನ್ನು ಪರಿಚಯದ ಗ್ಯಾರೇಜಿನವನಿಗೆ ಕೊಟ್ಟು, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ಅವನೇ ಆರ್‌ಟಿಒಗೆ ಕೊಡುತ್ತಾನೆಂದು ನಂಬಿ ಕೂತವರು ಎಷ್ಟು ಮಂದಿ! ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ನೋಟಿಸ್ ಬರುವುದು ಹಳೆಯ ಮಾಲೀಕನಿಗೇ. ಮಾರಿದವನು 14 ದಿನದೊಳಗೆ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದನ್ನು ಮಾಡದಿದ್ದರೆ ಆ ಭಾಗದ ತಪ್ಪು ಅವನದೇ. ಆದರೆ ಮೂರು ಜನ ಕೂತು ಹೋದದ್ದಕ್ಕೆ, ಹೆಲ್ಮೆಟ್ ಇಲ್ಲದ್ದಕ್ಕೆ ಅವನು ಹೊಣೆಯಲ್ಲ. ಓಡಿಸುತ್ತಿದ್ದವರು ಯಾರೆಂದು ತಿಳಿಸುವ ಹೊಣೆಯನ್ನು 133ನೇ ಕಲಮು ಮಾಲೀಕನ ಮೇಲೆ ಹೊರಿಸಿದೆ. ತಿಳಿಸುವುದು ಬೇರೆ, ತನ್ನ ತಲೆಗೆ ಕಟ್ಟಿಕೊಳ್ಳುವುದು ಬೇರೆ. ಇಂಥವರು ಕಟ್ಟಿ ಬಿಸಾಕಿದಷ್ಟೂ ನಿಜವಾಗಿ ಓಡಿಸುತ್ತಿರುವವನಿಗೆ ಯಾವ ಬಿಸಿಯೂ ತಟ್ಟುವುದಿಲ್ಲ.

ಇನ್ನು "ಕಾಯಿ, ಅರ್ಧ ಬಿಡ್ತಾರೆ" ಎಂಬ ಜಾಣತನ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಗಳ ಮೇಲೆ ಶೇ 50 ರಿಯಾಯಿತಿ ಘೋಷಿಸಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು ಬಂತು. ಠಾಣೆಗಳ ಮುಂದೆ ಸಾಲು ನಿಂತವು, ಪತ್ರಿಕೆಗಳಲ್ಲಿ ಫೋಟೊ ಬಂದವು. ಅದೇ ವರ್ಷ ಮಾರ್ಚ್‌ನಲ್ಲಿ ಮತ್ತೆ ಬಂತು, ಜುಲೈನಲ್ಲಿ ಮತ್ತೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಇನ್ನೊಂದು ಸಲ, ಅದೇ ವರ್ಷದ ನವೆಂಬರಿನಲ್ಲಿ ಮಗದೊಂದು ಸಲ. ಇಷ್ಟು ಸಲ ಬಂದ ಮೇಲೆ ಅದನ್ನು ರಿಯಾಯಿತಿ ಎನ್ನುವುದು ಹೇಗೆ? ದಂಡದ ನಿಜವಾದ ದರವೇ ಅರ್ಧ, ಬೇಗ ಕಟ್ಟಿದವನಿಗೆ ಮಾತ್ರ ದುಪ್ಪಟ್ಟು ಎಂದಾಯಿತು. ಪ್ರಾಮಾಣಿಕವಾಗಿ ಅಂದೇ ಕಟ್ಟಿದವನು ಮೂರ್ಖನಾದ.

ರಿಯಾಯಿತಿಗೆ ಸರ್ಕಾರ ಕೊಡುವ ಕಾರಣ ಬಾಕಿಯ ರಾಶಿ. ಆ ರಾಶಿ ಬೆಳೆದದ್ದು ಹೇಗೆ ಎಂದು ಕೇಳಬೇಕು. ಪ್ರತಿ ಕೇಸನ್ನೂ ಹೊತ್ತಿಗೆ ಸರಿಯಾಗಿ ಮ್ಯಾಜಿಸ್ಟ್ರೇಟರ ಮುಂದಿಟ್ಟಿದ್ದರೆ ವರ್ಷಗಟ್ಟಲೆ ಹಳೆಯ ಚಲನ್ನುಗಳು ಗಾಡಿಗಳ ಹೆಸರಿನಲ್ಲಿ ಹೀಗೆ ತೂಗುತ್ತಿರಲಿಲ್ಲ. ದಂಡವೊಂದೇ ಶಿಕ್ಷೆಯಾಗಿರುವ ಅಪರಾಧಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಮು ಆರು ತಿಂಗಳ ಕಾಲಮಿತಿ ಹಾಕಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅದು 514ನೇ ಕಲಮಾಗಿ ಮುಂದುವರಿದಿದೆ. ಆ ಅವಧಿಯೊಳಗೆ ಕೋರ್ಟಿಗೆ ಹೋಗದ ಸಣ್ಣ ಕೇಸನ್ನು, ತಡವನ್ನು ನ್ಯಾಯಾಲಯ ಮನ್ನಿಸಿದ ಹೊರತು, ಮುಂದುವರಿಸುವಂತಿಲ್ಲ. ಅಂಥ ಕೇಸಿಗೂ ಅರ್ಧ ಬೆಲೆ ಕಟ್ಟಿ ಸಂತೋಷದಿಂದ ಮನೆಗೆ ಬಂದವರು ಆ ಸಾಲಿನಲ್ಲಿ ಇದ್ದಿರಲೇಬೇಕು. ಇಲಾಖೆಯೇ ಹೇಳಬೇಕಾದ ಲೆಕ್ಕ ಇದು: ಹತ್ತು ವರ್ಷದ ಹಿಂದಿನ ಎಷ್ಟು ಕೇಸುಗಳಲ್ಲಿ ದೋಷಾರೋಪ ಸಕಾಲದಲ್ಲಿ ಸಲ್ಲಿಕೆಯಾಗಿತ್ತು?

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಒಂದನ್ನು ನಾನು ಗೌರವದಿಂದ ಕೇಳುತ್ತೇನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತರಲ್ಲಿ ಏಳು ಸಾವಿಗೆ ಅತಿ ವೇಗವನ್ನೇ ಕಾರಣವೆಂದು ಕೇಂದ್ರದ ವರದಿ ದಾಖಲಿಸಿದೆ. ಇಂಥ ಹೊತ್ತಿನಲ್ಲಿ ದಂಡವನ್ನು ಪ್ರಶ್ನಿಸಿ ಎಂದು ಜನರಿಗೆ ಹೇಳುವುದು, ತಪ್ಪಿಸಿಕೊಳ್ಳುವ ದಾರಿ ಹೇಳಿಕೊಟ್ಟಂತಲ್ಲವೇ? ಪ್ಲೇಟಿಗೆ ಮಾಸ್ಕ್ ಕಟ್ಟುವವರು, ಹಿಂಬದಿಯ ನಂಬರನ್ನು ಬಗ್ಗಿಸಿಡುವವರು, ಫಲಕ ಇರಲಿಲ್ಲ ಎಂದು ಕೊಂಕು ತೆಗೆಯುವವರು ಇರುವ ಊರಿದು. ಅವರಿಗೆ ಈ ಲೇಖನದಲ್ಲಿ ಏನೂ ಇಲ್ಲ. ನೀವು ಕೆಂಪು ದೀಪ ದಾಟಿದ್ದು ನಿಮಗೆ ಗೊತ್ತಿದ್ದರೆ, ಪ್ರಮಾಣಪತ್ರ ನವೀಕರಣವಾಗಿಲ್ಲ ಎಂಬ ಎಳೆ ಹಿಡಿದು ಹೊರಬರುವುದು ಹೊಣೆಗೇಡಿತನ ಎಂದೇ ನಾನು ತಿಳಿಯುತ್ತೇನೆ. ಕಟ್ಟಿ, ಪೂರ್ತಿ ಕಟ್ಟಿ, ರಿಯಾಯಿತಿ ಬರುವ ಮೊದಲೇ ಕಟ್ಟಿ. ದಂಡಕ್ಕೆ ಹೆದರಿಕೆ ಉಳಿಯಬೇಕಾದರೆ ಅದು ತಪ್ಪಿತಸ್ಥನನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ನಂಬಿಕೆ ಉಳಿಯಬೇಕು. ಮನೆ ಮುಂದೆ ನಿಂತಿದ್ದ ಗಾಡಿಗೂ ದಂಡ ಬೀಳುತ್ತದೆ, ಸಿಗ್ನಲ್ ಹಾರಿದವನಿಗೂ ಅಷ್ಟೇ ಬೀಳುತ್ತದೆ ಎಂದಾದರೆ ಜನ ಅದನ್ನು ಮಳೆ ಬಿಸಿಲಿನ ಹಾಗೆ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಸುರಕ್ಷತೆಯ ಮಾತು ಮುಗಿಯಿತು.

ಕೋರ್ಟಿನಲ್ಲಿ ಸೋತರೆ ಹೆಚ್ಚು ಕಟ್ಟಬೇಕಾಗುತ್ತದೆ ಎಂಬುದು ಇನ್ನೊಂದು ಎಚ್ಚರಿಕೆ. ಅದು ಸುಳ್ಳಲ್ಲ. ₹500 ರಾಜ್ಯ ಒಪ್ಪಿದ ರಾಜಿಯ ಮೊತ್ತ. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಮ್ಯಾಜಿಸ್ಟ್ರೇಟರು ಕಾಯ್ದೆಯಲ್ಲಿರುವ ಮೊತ್ತವನ್ನೇ ಹಾಕಬಹುದು. ಆದ್ದರಿಂದ ಹಟಕ್ಕೆ ಬಿದ್ದು ಹೋಗಬಾರದು, ಕೈಯಲ್ಲಿ ಆಧಾರ ಇಟ್ಟುಕೊಂಡು ಹೋಗಬೇಕು. ಎಷ್ಟೋ ಸಲ ಅಲ್ಲಿಯವರೆಗೆ ಹೋಗುವ ಅಗತ್ಯವೂ ಬೀಳುವುದಿಲ್ಲ. ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ಗಾಡಿಯ ನಂಬರು ಹಾಕಿದರೆ ಕೇಸಿನ ಫೋಟೊ ಬರುತ್ತದೆ. ಗಾಡಿಯೇ ನಿಮ್ಮದಲ್ಲದಿದ್ದರೆ ಫೋಟೊ, ಆರ್‌ಸಿ, ಅಂದು ನೀವಿದ್ದ ಜಾಗದ ಪುರಾವೆ ಜೊತೆಯಿಟ್ಟು ಇಲಾಖೆಗೆ ಬರೆದು ಕೇಸು ತೆಗೆಸಿಕೊಳ್ಳಬಹುದು. ಆಂಬುಲೆನ್ಸಿಗೆ ದಾರಿ ಬಿಟ್ಟಿದ್ದರೆ ಡ್ಯಾಶ್‌ಕ್ಯಾಮ್ ದೃಶ್ಯ ಒಳ್ಳೆಯ ಸಾಕ್ಷಿ. ಅದಿಲ್ಲದವರು ಜಂಕ್ಷನ್ನಿನ ಕ್ಯಾಮೆರಾದ ಮುಂಚಿನ ಮತ್ತು ನಂತರದ ದೃಶ್ಯವನ್ನು ನೋಡಿ ಎಂದು ಬರವಣಿಗೆಯಲ್ಲಿ ಕೇಳಬೇಕು. ಕೇಸು ವರ್ಚುವಲ್ ಕೋರ್ಟಿಗೆ ಹೋಗಿದ್ದರೆ ಅಲ್ಲಿ ಎರಡು ಆಯ್ಕೆ ಇರುತ್ತವೆ: ದಂಡ ಕಟ್ಟುತ್ತೇನೆ, ಇಲ್ಲವೇ ಪ್ರಶ್ನಿಸುತ್ತೇನೆ. ಎರಡನೆಯದನ್ನು ಒತ್ತಿದರೆ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ, ತಪ್ಪು ಸಾಬೀತು ಮಾಡುವ ಹೊಣೆ ಆರೋಪ ಹೊರಿಸಿದವರ ಮೇಲೆ ಬೀಳುತ್ತದೆ.

ಆದರೆ ಆ ಗುಂಡಿ ಒತ್ತಲು ಸಮಯ ಬೇಕು, ಮತ್ತು ಸಮಯ ಎಲ್ಲರ ಬಳಿ ಒಂದೇ ಸಮ ಇರುವುದಿಲ್ಲ. ಊಟ ತಲುಪಿಸುವ ಹುಡುಗರು, ಆಟೋದವರು, ಹಳದಿ ಬೋರ್ಡಿನ ಕ್ಯಾಬ್ ಓಡಿಸುವವರು ದಿನವಿಡೀ ಕ್ಯಾಮೆರಾಗಳ ಕೆಳಗೇ ಬದುಕುವವರು. ಹೆಚ್ಚು ಹೊತ್ತು ರಸ್ತೆಯಲ್ಲಿರುವವನ ಮೇಲೆ ತಪ್ಪು ಕೇಸು ಬೀಳುವ ಸಂಭವವೂ ಹೆಚ್ಚು. ಐನೂರು ರೂಪಾಯಿ ಅವರಿಗೆ ಮನೆಯ ರೇಷನ್ನು. ಅದನ್ನು ಪ್ರಶ್ನಿಸಲು ಅರ್ಧ ದಿನ ಕೋರ್ಟಿನಲ್ಲಿ ಕೂತರೆ ಅಂದಿನ ದುಡಿಮೆಯೂ ಹೋಯಿತು. ಪರವಾನಗಿ ಮೂರು ತಿಂಗಳು ಅಮಾನತಾದರೆ ಕೆಲಸವೇ ಹೋಯಿತು. ಎರಡನೆಯ ಸಲ ಎಂಬ ದಾಖಲೆ ಎಲ್ಲಕ್ಕಿಂತ ಭಾರವಾಗುವುದು ಇವರಿಗೆ, ಪ್ರಶ್ನಿಸುವ ಶಕ್ತಿ ಎಲ್ಲಕ್ಕಿಂತ ಕಡಿಮೆ ಇರುವುದೂ ಇವರಿಗೇ. ಅದಕ್ಕಾಗಿ, ಕಚೇರಿಯಿಂದ ಒಂದು ಗಂಟೆ ರಜೆ ಹಾಕಿ ಇಲಾಖೆಗೆ ಬರೆಯಬಲ್ಲ, ಅಗತ್ಯ ಬಿದ್ದರೆ ಕೋರ್ಟಿಗೂ ಹೋಗಬಲ್ಲ ಮಧ್ಯಮ ವರ್ಗದವರ ಮೇಲೆ ಹೆಚ್ಚಿನ ಹೊಣೆ ಇದೆ. ಅವರು ಬರೆದು ತೆಗೆಸಿದ ಒಂದೊಂದು ತಪ್ಪು ಕೇಸೂ ಯಾವ ಜಂಕ್ಷನ್ನಿನ ಯಾವ ಕ್ಯಾಮೆರಾ ತಪ್ಪು ಓದುತ್ತಿದೆ ಎಂಬ ಮಾಹಿತಿಯಾಗುತ್ತದೆ.

ಸರ್ಕಾರದಿಂದ ನಾನು ಬಯಸುವುದು ಕಷ್ಟದ್ದೇನಲ್ಲ. ವರ್ಷಕ್ಕೆ ಎಷ್ಟು ಚಲನ್ ಹಾಕಿದರು ಎಂದು ಹೇಳುವ ಇಲಾಖೆ, ಎಷ್ಟಕ್ಕೆ ಆಕ್ಷೇಪ ಬಂತು, ಎಷ್ಟನ್ನು ರದ್ದು ಮಾಡಿದರು ಎಂಬುದನ್ನೂ ಜಂಕ್ಷನ್ ವಾರು ಪ್ರಕಟಿಸಲಿ. ಮೊಬೈಲಿಗೆ ಬರುವ ಸಂದೇಶದಲ್ಲಿ ಹಣ ಕಟ್ಟುವ ಕೊಂಡಿಯ ಪಕ್ಕದಲ್ಲೇ ಆಕ್ಷೇಪ ಸಲ್ಲಿಸುವ ಕೊಂಡಿಯೂ ಇರಲಿ, ಕನ್ನಡದಲ್ಲಿ. ಆಕ್ಷೇಪಕ್ಕೆ ಉತ್ತರ ಸಿಗುವವರೆಗೆ ಆ ಕೇಸನ್ನು ಬಾಕಿ ಎಂದು ತೋರಿಸುವುದು ನಿಲ್ಲಲಿ. ಮತ್ತೆ ಶೇ 50ರ ಆದೇಶ ಹೊರಡಿಸುವ ಮುನ್ನ, ಆ ಪಟ್ಟಿಯಲ್ಲಿ ಕಾಲಮಿತಿ ಮೀರಿದ ಕೇಸುಗಳೆಷ್ಟು ಎಂದು, ಈ ಮೊದಲು ರಿಯಾಯಿತಿಗೆ ಶಿಫಾರಸು ಮಾಡಿದ್ದ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇಲಾಖೆಯನ್ನು ಕೇಳಿ ಪಡೆಯಲಿ, ಅವನ್ನು ಅರ್ಧ ಬೆಲೆಗೆ ಮಾರುವ ಬದಲು ತೆಗೆದುಹಾಕಿಸಲಿ.